ಉಚ್ಛ್ವಾಸ, ಕಾಯೋತ್ಸರ್ಗ ಮತ್ತು ಚಿತ್ತಶಾಂತಿ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

  

ಗರ್ಭಾವತರಣದಿಂದ ಮೊದಲ್ಗೊಂಡು ಪರಿನಿರ್ವಾಣದವರೆಗಿನ ಐದು ಕಲ್ಯಾಣಗಳ ವಿಧಿ ಮುಗಿದೊಡನೆ ಶಿಲೆಯು ಶಿಲೆಯಾಗಿ ಉಳಿಯುವುದಿಲ್ಲ. ಅದು ಜಿನಬಿಂಬವೆನಿಸಿ ಪೂಜ್ಯವಾಗುತ್ತದೆ. ಆಮೇಲೆ ಚಪ್ಪರ ಇಳಿಯುತ್ತದೆ, ಮಂಗಳವಾದ್ಯ ನಿಲ್ಲುತ್ತದೆ, ಪರಸ್ಥಳದ ಬಂಧುಗಳು ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ಬಸದಿಯಲ್ಲಿ ಉಳಿಯುವವರು ಇಬ್ಬರೇ: ಗರ್ಭಗೃಹದಲ್ಲಿ ನಿಶ್ಚಲವಾಗಿ ನಿಂತ ಸ್ವಾಮಿ, ಮತ್ತು ಅವನ ಮುಂದೆ ಮನೆಯ ನೂರು ಚಿಂತೆಗಳನ್ನು ಹೊತ್ತು ಬಂದು ನಿಂತ ಶ್ರಾವಕ. ಆ ಶ್ರಾವಕನು ಅಲ್ಲಿ ನಿಂತು ಮಾಡಬೇಕಾದುದೇನು? ಮೂರು ಪ್ರದಕ್ಷಿಣೆ ಬಂದು, ಅಕ್ಷತೆಯಿಟ್ಟು, ಗಂಧೋದಕವನ್ನು ಶಿರದಲ್ಲಿ ಧರಿಸಿ ಹೊರಟರೆ ದರ್ಶನ ಪೂರ್ಣವಾಯಿತೆ? ಪೂರ್ವಾಚಾರ್ಯರು ಅದಕ್ಕೆ ಇನ್ನೊಂದು ಅಂಗವನ್ನು ಸೇರಿಸಿದ್ದಾರೆ. ಅದೇ ಕಾಯೋತ್ಸರ್ಗ. ಅದರ ಅಳತೆಯನ್ನು ಅವರು ಗಳಿಗೆಯಿಂದ ಹೇಳಲಿಲ್ಲ, ಉಸಿರಿನಿಂದ ಹೇಳಿದರು.

ಉಸಿರಿಗೂ ಮನಸ್ಸಿಗೂ ಇರುವ ನಂಟನ್ನು ತಿಳಿಯಲು ದೊಡ್ಡ ಗ್ರಂಥಗಳನ್ನು ತೆರೆಯಬೇಕಾದುದಿಲ್ಲ. ಕನ್ನಡದ ಆಡುಮಾತೇ ಅದಕ್ಕೆ ಸಾಕ್ಷಿ. ದುಃಖಿತನು ನಿಟ್ಟುಸಿರು ಬಿಡುತ್ತಾನೆ, ಬೆದರಿದವನು ಏದುಸಿರು ಬಿಡುತ್ತಾನೆ. ಆತಂಕದಲ್ಲಿರುವವನು ಉಸಿರು ಬಿಗಿಹಿಡಿದು ಕಾಯುತ್ತಾನೆ. ಕಾದ ಸುದ್ದಿ ಒಳ್ಳೆಯದಾದರೆ ‘ಅಬ್ಬ, ಉಸಿರಾಡುವಂತಾಯಿತು’ ಎನ್ನುತ್ತಾನೆ. ಹಳಗನ್ನಡದ ಕವಿಗಳು ವಿರಹಿಗೂ ಶೋಕಾರ್ತನಿಗೂ ಬಿಸುಸುಯ್ಯನ್ನು ಕೊಟ್ಟರು. ಒಂದೊಂದು ಭಾವಕ್ಕೆ ಒಂದೊಂದು ಉಸಿರು ಎಂಬುದನ್ನು ಜನಪದವು ಅನುಭವದಿಂದಲೇ ಅರಿತಿತ್ತು. ಮನಸ್ಸು ಕಲಕಿದರೆ ಉಸಿರು ಕಲಕುವುದು ದಿಟ. ಹಾಗಾದರೆ ಉಸಿರನ್ನು ತಿಳಿಗೊಳಿಸಿದರೆ ಮನಸ್ಸು ತಿಳಿಯಾದೀತೆ? ಆದರೆ ಎಷ್ಟರ ಮಟ್ಟಿಗೆ? ಈ ಉಪನ್ಯಾಸದ ವಿಷಯ ಇಷ್ಟೇ.

ಮೊದಲು ಸಿದ್ಧಾಂತದ ಮಾತು. ಜೀವನ ಹತ್ತು ಪ್ರಾಣಗಳಲ್ಲಿ ಐದು ಇಂದ್ರಿಯಪ್ರಾಣಗಳು, ಮನ-ವಚನ-ಕಾಯಗಳೆಂಬ ಮೂರು ಬಲಪ್ರಾಣಗಳು, ಆಯುಷ್ಯವೊಂದು, ಶ್ವಾಸೋಚ್ಛ್ವಾಸವೊಂದು. ಆರು ಪರ್ಯಾಪ್ತಿಗಳ ಎಣಿಕೆಯಲ್ಲಿಯೂ ಆಹಾರ, ಶರೀರ, ಇಂದ್ರಿಯಗಳ ಬಳಿಕ ಶ್ವಾಸೋಚ್ಛ್ವಾಸವು ಬರುತ್ತದೆ. ಅದರ ಅನಂತರವೇ ಭಾಷೆ ಮತ್ತು ಮನಸ್ಸು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಪುದ್ಗಲವು ಜೀವನಿಗೆ ಮಾಡುವ ಉಪಕಾರಗಳನ್ನು ಎಣಿಸುವಾಗ ಶರೀರ, ವಚನ, ಮನಸ್ಸು, ಪ್ರಾಣಾಪಾನ ಈ ನಾಲ್ಕನ್ನೂ ಒಂದೇ ಸೂತ್ರದಲ್ಲಿ ಹೇಳಿದೆ. ಇದರ ಅರ್ಥವು ಗಮನಾರ್ಹವಾದುದು. ಉಸಿರೂ ಪೌದ್ಗಲಿಕ, ದ್ರವ್ಯಮನಸ್ಸೂ ಪೌದ್ಗಲಿಕ. ಒಂದೇ ಮನೆಯ ಎರಡು ಕೋಣೆಗಳಂತೆ ಇರುವ ಇವುಗಳಲ್ಲಿ ಒಂದರ ಗಾಳಿ ಇನ್ನೊಂದಕ್ಕೆ ತಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆತ್ಮನು ಈ ಎರಡಕ್ಕೂ ಬೇರೆಯಾದವನು, ಜ್ಞಾನದರ್ಶನ ಸ್ವಭಾವನು. ಆದುದರಿಂದ ಉಸಿರಿನ ಉಪಾಯವು ಮನಸ್ಸಿನ ಬಾಗಿಲವರೆಗೆ ಕರೆದೊಯ್ಯಬಲ್ಲುದೇ ಹೊರತು, ಆತ್ಮನ ಮನೆಯನ್ನು ತಾನೇ ಕಟ್ಟಿಕೊಡಲಾರದು. ಈ ಎಲ್ಲೆಯನ್ನು ಆರಂಭದಲ್ಲಿಯೇ ಗುರುತಿಸಿಕೊಂಡವನು ಮುಂದೆ ಮೋಸ ಹೋಗಲಾರನು.

ಶರೀರಶಾಸ್ತ್ರವು ಇದೇ ನಂಟನ್ನು ತನ್ನ ಭಾಷೆಯಲ್ಲಿ ವಿವರಿಸುತ್ತದೆ. ಹೃದಯದ ಬಡಿತವನ್ನು ನಿಲ್ಲೆಂದರೆ ಅದು ನಿಲ್ಲದು. ಜಠರದ ಪಚನಕ್ರಿಯೆಯು ಯಾರ ಅಪ್ಪಣೆಯನ್ನೂ ಕೇಳದು. ಉಸಿರು ಮಾತ್ರ ಎರಡು ಒಡೆತನಗಳಿಗೆ ಒಳಪಟ್ಟಿದೆ. ನಿದ್ರೆಯಲ್ಲಿ ಅದು ತಾನಾಗಿ ನಡೆಯುತ್ತದೆ, ಎಚ್ಚರದಲ್ಲಿ ಇಚ್ಛೆಗೆ ಮಣಿಯುತ್ತದೆ. ಸ್ವಸ್ಥನಾದ ವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾನೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತವು ಕೊಂಚ ಚುರುಕಾಗುತ್ತದೆ, ಹೊರಬಿಡುವಾಗ ಕೊಂಚ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳನ್ನು ತಲಪುವ ವೇಗಸ್ ನರವು ಈ ಕೆಲಸದ ಮಧ್ಯಸ್ಥ. ನಿಶ್ವಾಸವು ದೀರ್ಘವೂ ಮೃದುವೂ ಆದಂತೆ ಆ ನರದ ಪ್ರಭಾವವು ಹೆಚ್ಚಿ ದೇಹವು ಬಿಗಿತವನ್ನು ಸಡಿಲಿಸುತ್ತದೆ. 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಟಲಿಯ ವೈದ್ಯ ಲೂಚಿಯಾನೊ ಬರ್ನಾರ್ಡಿ ಮತ್ತು ಅವರ ಸಂಗಡಿಗರು 23 ಮಂದಿ ಸ್ವಸ್ಥರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನು ಹೇಳಿಸಿದಾಗಲೂ ಬೌದ್ಧರ ಮಂತ್ರವೊಂದನ್ನು ಜಪಿಸಿದಾಗಲೂ ಅವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತೆಂದೂ, ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ಸಹಜ ವ್ಯವಸ್ಥೆಯು ಹೆಚ್ಚು ಸೂಕ್ಷ್ಮವಾಯಿತೆಂದೂ ಅವರು ತೋರಿಸಿದರು. ಭಾಷೆ ಬೇರೆ, ಮತ ಬೇರೆ. ಆದರೆ ನಿಧಾನವಾಗಿ ಹೇಳುವ ಜಪವು ಉಸಿರಿಗೆ ಒಂದೇ ಹದವನ್ನು ಕೊಡುತ್ತದೆ.

ಹೀಗಿರುವಾಗ ಪೂರಕ, ಕುಂಭಕ, ರೇಚಕಗಳೆಂಬ ಪ್ರಾಣಾಯಾಮವನ್ನು ಜೈನಾಚಾರ್ಯರು ಏಕೆ ಧ್ಯಾನದ ಮುಖ್ಯ ಮಾರ್ಗವೆಂದು ಸ್ವೀಕರಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಅವರು ಅದನ್ನು ಅರಿಯದವರಲ್ಲ. ಶುಭಚಂದ್ರಾಚಾರ್ಯರು ‘ಜ್ಞಾನಾರ್ಣವ’ದಲ್ಲಿ ಪ್ರಾಣಾಯಾಮವನ್ನು ಸಾಂಗವಾಗಿ ವರ್ಣಿಸಿ, ಮನಸ್ಸಿನ ಸ್ಥಿರತೆಗೆ ಅದು ನೆರವಾಗುವುದನ್ನು ಒಪ್ಪುತ್ತಾರೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಗುಜರಾತಿನ ಕುಮಾರಪಾಲ ರಾಜನಿಗಾಗಿ ರಚಿಸಿದ ‘ಯೋಗಶಾಸ್ತ್ರ’ದ ಐದನೆಯ ಪ್ರಕಾಶವಂತೂ ಈ ವಿಷಯಕ್ಕೇ ಮೀಸಲು. ಆದರೆ ಇಬ್ಬರೂ ಮುಂದಿನ ಪ್ರಕರಣದಲ್ಲಿ ಓದುಗನನ್ನು ಎಚ್ಚರಿಸುತ್ತಾರೆ. ಉಸಿರನ್ನು ಬಲವಂತವಾಗಿ ತಡೆದರೆ ದೇಹಕ್ಕೆ ಪೀಡೆ, ಪೀಡೆಯಿಂದ ಆರ್ತಧ್ಯಾನ, ಆರ್ತಧ್ಯಾನದಿಂದ ಸಾಧಕನ ಪತನ ಎಂಬುದು ಶುಭಚಂದ್ರರ ತರ್ಕ. ಪ್ರಾಣಾಯಾಮದ ಆಯಾಸದಿಂದ ಚಿತ್ತಕ್ಕೆ ಸಂಕ್ಲೇಶವುಂಟಾಗಿ ಅದು ಮುಕ್ತಿಗೆ ವಿಘ್ನವಾಗುತ್ತದೆಂದು ಹೇಮಚಂದ್ರರು ಹೇಳುತ್ತಾರೆ.

ಕರ್ಣಾಟಕದ ರಾಷ್ಟ್ರಕೂಟರ ಕಾಲದ ಆಚಾರ್ಯರಲ್ಲಿ ಈ ವಿಚಾರವು ಇನ್ನೂ ಸಮತೋಲವಾಗಿ ಕಾಣುತ್ತದೆ. ಭಟ್ಟಾಕಳಂಕದೇವರು ‘ತತ್ತ್ವಾರ್ಥರಾಜವಾರ್ತಿಕ’ದಲ್ಲಿ, ಉಸಿರಿನ ನಿಗ್ರಹವೇ ಧ್ಯಾನವಲ್ಲವೆ ಎಂಬ ಪೂರ್ವಪಕ್ಷವನ್ನೆತ್ತಿ ಅದನ್ನು ನಿರಾಕರಿಸುತ್ತಾರೆ. ಉಸಿರನ್ನು ಕಟ್ಟಿದರೆ ಹುಟ್ಟುವ ವೇದನೆಯಿಂದ ಶರೀರವೇ ಬಿದ್ದುಹೋದೀತು; ಆದಕಾರಣ ಮಂದಮಂದವಾಗಿ ಉಸಿರಾಡುವವನಿಗೇ ಧ್ಯಾನವು ಸಲ್ಲುತ್ತದೆ ಎಂಬುದು ಅವರ ನಿರ್ಣಯ. ಅಮೋಘವರ್ಷನೃಪತುಂಗನ ಗುರುಗಳೆಂದು ಖ್ಯಾತರಾದ ಜಿನಸೇನಾಚಾರ್ಯರೂ ‘ಆದಿಪುರಾಣ’ದ ಧ್ಯಾನಪ್ರಕರಣದಲ್ಲಿ ಇದೇ ಮಾತನ್ನು ಹೇಳುತ್ತಾರೆ: ಅತಿತೀವ್ರವಾದ ಪ್ರಾಣಾಯಾಮವು ಮನಸ್ಸನ್ನು ಕಂಗೆಡಿಸುತ್ತದೆ, ಮಂದವಾದ ಉಸಿರಿಗೆ ನಿಷೇಧವಿಲ್ಲ. ಎಂದರೆ ಜೈನಮಾರ್ಗವು ಉಸಿರನ್ನು ಕಟ್ಟುವುದಲ್ಲ, ಉಸಿರನ್ನು ಹಗುರಗೊಳಿಸುವುದು. ಕುದುರೆಯ ಕಡಿವಾಣವನ್ನು ಜಗ್ಗಿ ಬಾಯಿ ಹರಿಯುವುದಕ್ಕೂ, ಸಡಿಲ ಹಿಡಿತದಲ್ಲಿ ಅದನ್ನು ನಡೆಯಿಸುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಇನ್ನು ಕಾಯೋತ್ಸರ್ಗದ ಅಳತೆ. ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಇವು ಷಡಾವಶ್ಯಕಗಳು. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಮುನಿಗಳಿಗೆ ಇವುಗಳನ್ನು ವಿಧಿಸುವಾಗ ಕಾಯೋತ್ಸರ್ಗದ ಅವಧಿಯನ್ನು ಉಚ್ಛ್ವಾಸಗಳ ಲೆಕ್ಕದಲ್ಲಿ ಕೊಟ್ಟಿದೆ. ಹಗಲಿನ ಪ್ರತಿಕ್ರಮಣಕ್ಕೆ 108, ರಾತ್ರಿಯದಕ್ಕೆ 54, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500. ಸ್ವಾಧ್ಯಾಯ ಮತ್ತು ವಂದನೆಯ ಸಂದರ್ಭದಲ್ಲಿ 27. ಬಸದಿಯಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರವನ್ನು ಜಪಿಸುವ ರೂಢಿಯು ಈ 27ರಿಂದಲೇ ಬಂದುದು. ಮೊದಲ ಉಸಿರಿನಲ್ಲಿ ಅರಹಂತರಿಗೂ ಸಿದ್ಧರಿಗೂ ನಮಸ್ಕಾರ, ಎರಡನೆಯದರಲ್ಲಿ ಆಚಾರ್ಯರಿಗೂ ಉಪಾಧ್ಯಾಯರಿಗೂ, ಮೂರನೆಯದರಲ್ಲಿ ಲೋಕದ ಸರ್ವಸಾಧುಗಳಿಗೆ. ಒಂದು ಮಂತ್ರಕ್ಕೆ ಮೂರು ಉಸಿರಾದರೆ ಒಂಬತ್ತು ಮಂತ್ರಗಳಿಗೆ 27 ಉಸಿರು. ಒಂದೇ ಉಸಿರಿನಲ್ಲಿ ಒಂಬತ್ತನ್ನೂ ಉರುಳಿಸಿ ಚಪ್ಪಲಿಯತ್ತ ಕಣ್ಣು ಹಾಯಿಸುವ ಅಭ್ಯಾಸವು ಎಣಿಕೆಯನ್ನು ಉಳಿಸಿಕೊಂಡು ಅಳತೆಯನ್ನು ಕಳೆದುಕೊಂಡಂತೆ.

ಇಲ್ಲಿ ಒಂದು ಸಂಶಯವನ್ನು ಪರಿಹರಿಸಬೇಕು. ಕಾಲಮಾನವನ್ನು ಹೇಳುವಾಗ ಆಗಮವು 7 ಉಚ್ಛ್ವಾಸಗಳಿಗೆ ಒಂದು ಸ್ತೋಕ, 7 ಸ್ತೋಕಗಳಿಗೆ ಒಂದು ಲವ, 77 ಲವಗಳಿಗೆ ಒಂದು ಮುಹೂರ್ತವೆಂದು ಹೇಳುತ್ತದೆ. ಆಗ 48 ನಿಮಿಷಗಳ ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುತ್ತವೆ; ನಿಮಿಷಕ್ಕೆ 78ಕ್ಕೂ ಮಿಗಿಲು. ಯಾವ ಸ್ವಸ್ಥನೂ ಹೀಗೆ ಉಸಿರಾಡುವುದಿಲ್ಲ. ಈ ಸಂಖ್ಯೆಯು ನಾಡಿಯ ಬಡಿತಕ್ಕೆ ಹತ್ತಿರವಾದುದು. ಆದುದರಿಂದ ಕಾಲಗಣನೆಯ ಉಚ್ಛ್ವಾಸವನ್ನು ಕಾಯೋತ್ಸರ್ಗಕ್ಕೆ ತಂದು ಹಚ್ಚಿದರೆ 27 ಉಸಿರು ಅರ್ಧ ನಿಮಿಷವೂ ಆಗದು. ಕಾಯೋತ್ಸರ್ಗದ ಉಚ್ಛ್ವಾಸವು ಮಂತ್ರದ ಪದಗಳಿಂದ ಅಳೆಯಲ್ಪಡುವ ನಿಜವಾದ ಉಸಿರು. ನಿಮಿಷಕ್ಕೆ ಆರರಂತೆ ಮಂದವಾಗಿ ನಡೆದರೆ 27 ಉಸಿರಿಗೆ ನಾಲ್ಕೂವರೆ ನಿಮಿಷ, 108ಕ್ಕೆ 18 ನಿಮಿಷ. ಎಷ್ಟೇ ಕೆಲಸವಿರುವ ಗೃಹಸ್ಥನಿಗೂ ನಾಲ್ಕೂವರೆ ನಿಮಿಷ ದುರ್ಲಭವಲ್ಲ.

ವಿಧಾನವು ಸರಳ. ಎರಡು ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಟ್ಟು ಸಮವಾಗಿ ನಿಲ್ಲುವುದು, ತೋಳುಗಳನ್ನು ಇಳಿಬಿಡುವುದು, ಹೆಗಲು, ದವಡೆ, ಹುಬ್ಬುಗಳ ಬಿಗಿತವನ್ನು ಸಡಿಲಿಸುವುದು. ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡುವುದು. ಒಳಗೆ ಬರುವ ಉಸಿರಿನೊಡನೆ ಅರಹಂತರ ನಮಸ್ಕಾರವನ್ನು ಮನಸ್ಸಿನಲ್ಲಿ ಹೇಳಿ, ಹೊರಹೋಗುವ ಉಸಿರಿನೊಡನೆ ಸಿದ್ಧರ ನಮಸ್ಕಾರವನ್ನು ಹೇಳುವುದು, ಮುಂದಿನವೂ ಹೀಗೆಯೇ. ಐದನೆಯ ಪದವನ್ನು ಎರಡಾಗಿ ಪಾಲು ಮಾಡಿಕೊಂಡು ಒಂದು ಉಸಿರಿನಲ್ಲಿ ಮುಗಿಸುವುದು. ನಡುವೆ ಉಸಿರನ್ನು ತಡೆಯಬಾರದು. ನಿಶ್ವಾಸವು ಶ್ವಾಸಕ್ಕಿಂತ ಕಿಂಚಿತ್ ದೀರ್ಘವಾದರೆ ಸಾಕು. ಹೊಸಬನಿಗೆ ಹತ್ತು ಸೆಕೆಂಡಿನ ಉಸಿರು ಒಮ್ಮೆಗೇ ಒಗ್ಗದು. ತನಗೆ ಸುಖವಾದ ಗತಿಯಿಂದ ತೊಡಗಿ ವಾರಗಳು ಕಳೆದಂತೆ ಅದು ತಾನಾಗಿ ಮಂದವಾಗಲಿ. ಮೂಲಾಚಾರವು ಎಣಿಸುವ 32 ಕಾಯೋತ್ಸರ್ಗದೋಷಗಳಲ್ಲಿ ಬಳ್ಳಿಯಂತೆ ಓಲಾಡುವುದು, ಕಂಬಕ್ಕೋ ಗೋಡೆಗೋ ಒರಗುವುದು, ಕಾಗೆಯಂತೆ ಅತ್ತಿತ್ತ ನೋಡುವುದು, ಬೆರಳಾಡಿಸುವುದು ಸೇರಿವೆ. ಎಚ್ಚರ ತಪ್ಪಿದ ಮನಸ್ಸು ಮೊದಲು ಇವುಗಳಲ್ಲಿಯೇ ತೋರಿಕೊಳ್ಳುತ್ತದೆ.

ಈ ಸಾಧನೆಯು ಬಸದಿಯ ಅಂಗಳವನ್ನು ದಾಟಿ ಮನೆಗೆ ಬಂದಾಗಲೇ ಅದರ ಬೆಲೆ ತಿಳಿಯುವುದು. ಅಣ್ಣತಮ್ಮಂದಿರು ತಂದೆಯ ಆಸ್ತಿಯ ಪಾಲಿಗೆ ಕುಳಿತಿದ್ದಾರೆನ್ನೋಣ. ಬಾವಿಯ ಬಳಿಯ ಗದ್ದೆ ಯಾರಿಗೆಂಬಲ್ಲಿ ಮಾತು ಏರುತ್ತದೆ. ಒಬ್ಬನ ಮೂಗಿನ ಹೊಳ್ಳೆಗಳು ಅರಳುತ್ತವೆ, ಎದೆ ಏರಿಳಿಯುತ್ತದೆ. ನಾಲಗೆಯ ತುದಿಗೆ ಬಂದು ನಿಂತ ಒಂದು ಮಾತು ಹೊರಬಿದ್ದರೆ ಎರಡು ಮನೆಗಳ ನಡುವಿನ ಹೊಕ್ಕುಬಳಕೆ ಒಂದು ತಲೆಮಾರಿನ ಕಾಲ ನಿಲ್ಲುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆ ಕ್ಷಣದಲ್ಲಿ ಅವನು ‘ಸ್ವಲ್ಪ ತಾಳಿ’ ಎಂದು ಎದ್ದು ಜಗಲಿಗೆ ಬಂದು 27 ಉಸಿರು ನಿಂತರೆ, ಗದ್ದೆಯ ತಗಾದೆ ಪರಿಹಾರವಾಗದಿರಬಹುದು. ಆದರೆ ಆ ಮಾತು ಆಡದೆ ಉಳಿಯುತ್ತದೆ.

ಕರ್ಮಸಿದ್ಧಾಂತವು ಈ ಎಚ್ಚರಕ್ಕೆ ಗಂಭೀರವಾದ ಕಾರಣವನ್ನು ಕೊಡುತ್ತದೆ. ಕಷಾಯಗಳು ಎಷ್ಟು ಕಾಲ ಮನಸ್ಸಿನಲ್ಲಿ ನೆಲೆಸುತ್ತವೆ ಎಂಬುದನ್ನು ‘ಗೊಮ್ಮಟಸಾರ’ದ ಕರ್ಮಕಾಂಡವು ವಾಸನಾಕಾಲವೆಂದು ಹೇಳಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಯದು ಭವಭವಾಂತರಗಳಿಗೆ ಚಾಚುತ್ತದೆ. ಕೋಪವು ಬಂದುದಷ್ಟೇ ಅಲ್ಲ, ಅದು ಎಷ್ಟು ದಿನ ತಂಗಿತೆಂಬುದೂ ಜೀವನ ಸ್ಥಿತಿಯನ್ನು ತಿಳಿಸುತ್ತದೆ. ಆರು ತಿಂಗಳ ಹಿಂದಿನ ಬೈಗುಳವನ್ನು ಇಂದಿಗೂ ನೆನೆದು ಕುದಿಯುವವನು ತನ್ನ ಒಳಗನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಮುಹೂರ್ತದೊಳಗೆ, ಇನ್ನೂ ಬಿಸಿಯಾಗಿರುವಾಗಲೇ, ಕೋಪವನ್ನು ಕಂಡು ಇಳಿಸಲು ಗೃಹಸ್ಥನಿಗೆ ಸುಲಭವಾಗಿ ದೊರೆಯುವ ಸಾಧನವು ಅವನ ಉಸಿರು. ಅದಕ್ಕೆ ದ್ರವ್ಯ ಬೇಡ, ಸ್ಥಳ ಬೇಡ, ಪುರೋಹಿತನೂ ಬೇಡ.

ಆದರೆ ಶಾಂತವಾದ ಉಸಿರೆಲ್ಲ ಧರ್ಮವಲ್ಲ. ಕೊಳದ ಅಂಚಿನಲ್ಲಿ ಒಂಟಿಗಾಲಿನಲ್ಲಿ ನಿಂತ ಬಕಪಕ್ಷಿಯ ಮೈ ಅಲುಗುವುದಿಲ್ಲ. ಅದರ ಏಕಾಗ್ರತೆಯೆಲ್ಲ ಮೀನಿನ ಮೇಲೆ. ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂಬ ನಾಲ್ಕು ಧ್ಯಾನಗಳಲ್ಲಿ ಮೊದಲ ಎರಡೂ ಏಕಾಗ್ರವೇ ಆದರೂ ಸಂಸಾರಕ್ಕೆ ಕಾರಣಗಳು. ಈ ಸೂಕ್ಷ್ಮವನ್ನು ಮೂಲಾಚಾರವು ನಾಲ್ಕು ವಿಧದ ಕಾಯೋತ್ಸರ್ಗಗಳಲ್ಲಿ ಬಹಳ ಮಾರ್ಮಿಕವಾಗಿ ತಿಳಿಸಿದೆ. ನಿಂತು ಧರ್ಮ್ಯಶುಕ್ಲಗಳನ್ನು ಧ್ಯಾನಿಸುವವನದು ಉತ್ಥಿತೋತ್ಥಿತ: ದೇಹವೂ ಎದ್ದಿದೆ, ಆತ್ಮನೂ ಎದ್ದಿದ್ದಾನೆ. ನಿಂತು ಆರ್ತರೌದ್ರಗಳನ್ನು ಚಿಂತಿಸುವವನದು ಉತ್ಥಿತನಿವಿಷ್ಟ: ದೇಹ ನಿಂತಿದೆ, ಒಳಗೆ ಕುಸಿದು ಕುಳಿತಿದ್ದಾನೆ. ಕುಳಿತೇ ಶುಭಧ್ಯಾನದಲ್ಲಿರುವವನದು ಉಪವಿಷ್ಟೋತ್ಥಿತ. ಕುಳಿತು ದುರ್ಧ್ಯಾನದಲ್ಲಿರುವವನದು ಉಪವಿಷ್ಟನಿವಿಷ್ಟ. ಮಂಡಿನೋವಿನಿಂದ ನಿಲ್ಲಲಾರದ ಅಜ್ಜಿಯು ಬಸದಿಯ ಮೂಲೆಯಲ್ಲಿ ಕುಳಿತು ಮಂದವಾದ ಉಸಿರಿನಲ್ಲಿ ಪರಮೇಷ್ಠಿಗಳನ್ನು ನೆನೆದರೆ ಅವರು ಎದ್ದು ನಿಂತಿದ್ದಾರೆಂದೇ ಶಾಸ್ತ್ರದ ಅಭಿಪ್ರಾಯ. ಮುಂದಿನ ಸಾಲಿನಲ್ಲಿ ನೆಟ್ಟಗೆ ನಿಂತು ನಾಳಿನ ವ್ಯಾಜ್ಯವನ್ನು ಲೆಕ್ಕ ಹಾಕುವವನು ಕುಳಿತಿದ್ದಾನೆ.

ಇದಕ್ಕೆ ಪರಮೋಚ್ಚವಾದ ನಿದರ್ಶನ ಬಾಹುಬಲಿಸ್ವಾಮಿಯ ಚರಿತ್ರೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿಯೂ, 1432ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಬಿಂಬದಲ್ಲಿಯೂ, 1604ರ ವೇಣೂರಿನ ಬಿಂಬದಲ್ಲಿಯೂ ಕಾಣುವುದು ಒಂದೇ ಭಂಗಿ: ಕಾಯೋತ್ಸರ್ಗ. ಒಂದು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತ ಆತನ ಮೈಗೆ ಬಳ್ಳಿಗಳು ಹಬ್ಬಿದವು, ಪಾದದ ಬಳಿ ಹುತ್ತಗಳು ಬೆಳೆದವು. ದೇಹದ ತ್ಯಾಗ ಇದಕ್ಕಿಂತ ಮಿಗಿಲಾಗಿ ನಡೆದೀತೆ? ಆದರೂ ಕೇವಲಜ್ಞಾನವು ಬರಲಿಲ್ಲ. ತನ್ನಿಂದಾಗಿ ಭರತನಿಗೆ ಸಂಕ್ಲೇಶವಾಯಿತೆಂಬ ಒಂದು ನವಿರಾದ ಭಾವವು ಆತನ ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತನೇ ಬಂದು ಪೂಜಿಸಿದಾಗ ಆ ಎಳೆಯು ಕಳಚಿ ಜ್ಞಾನವು ಬೆಳಗಿತು. ವರ್ಷದ ಕಾಯೋತ್ಸರ್ಗವೂ ಅಣ್ಣತಮ್ಮಂದಿರ ನಡುವಿನ ಒಂದು ಎಳೆಯ ಮುಂದೆ ಕಾದು ನಿಂತಿತು. ಉಸಿರನ್ನು ಎಣಿಸುವ ಶ್ರಾವಕನು ಎಣಿಕೆ ಮುಗಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಯಾರೊಡನೆ ಮಾತು ನಿಂತಿದೆ? ಯಾರ ಕ್ಷಮೆಯನ್ನು ಕೇಳಲು ಬಾಕಿಯಿದೆ?

ವರ್ತಮಾನ ಕಾಲದಲ್ಲಿ ಶ್ವೇತಾಂಬರ ತೇರಾಪಂಥದಲ್ಲಿ ಆಚಾರ್ಯ ತುಲಸಿಯವರ ಶಿಷ್ಯರಾದ, ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಪ್ರಸಿದ್ಧರಾದ ಮುನಿಗಳು 1975ರಲ್ಲಿ ಪ್ರೇಕ್ಷಾಧ್ಯಾನವೆಂಬ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಕಾಯೋತ್ಸರ್ಗದ ಬಳಿಕ ಶ್ವಾಸಪ್ರೇಕ್ಷೆ, ಎಂದರೆ ದೀರ್ಘವಾದ ಉಸಿರನ್ನು ರಾಗದ್ವೇಷವಿಲ್ಲದೆ ನೋಡುವುದು, ಮುಖ್ಯ ಅಂಗವಾಗಿದೆ. ಸಂಪ್ರದಾಯಗಳ ಆಚರಣೆಗಳಲ್ಲಿ ಭೇದವಿದ್ದರೂ ಬೀಜವು ಒಂದೇ.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಹೃದ್ರೋಗ, ಅಧಿಕ ರಕ್ತದೊತ್ತಡ, ಉಬ್ಬಸ ಉಳ್ಳವರೂ ಗರ್ಭಿಣಿಯರೂ ಕುಂಭಕವನ್ನಾಗಲಿ ವೇಗದ ಉಸಿರಾಟವನ್ನಾಗಲಿ ತಾವೇ ಕೈಗೊಳ್ಳಬಾರದು. ವೈದ್ಯರ ಸಲಹೆ ಅಗತ್ಯ. ರಭಸದಿಂದ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆಸುತ್ತು, ಬೆರಳುಗಳಲ್ಲಿ ಜುಮುಗುಟ್ಟುವಿಕೆ ಉಂಟಾಗುತ್ತವೆ. ಅದನ್ನು ಅತಿಶಯವೆಂದು ಭ್ರಮಿಸಬಾರದು. ದಶಲಕ್ಷಣಪರ್ವದ ಉಪವಾಸದ ದಿನಗಳಲ್ಲಿ ದೇಹವು ಬಳಲಿರುವಾಗ ಸಹಜವಾದ ಮಂದ ಉಸಿರೇ ಸಾಕು, ಕುಳಿತು ಮಾಡಿದರೂ ಲೋಪವಿಲ್ಲ. ಮನಸ್ಸಿನ ಖಿನ್ನತೆಯು ದೀರ್ಘಕಾಲ ಕಾಡುತ್ತಿದ್ದರೆ ಜಪದ ಜತೆಗೆ ಚಿಕಿತ್ಸೆಯೂ ಬೇಕು. ಔಷಧಿಯನ್ನು ಬಿಟ್ಟು ಉಸಿರನ್ನು ನಂಬುವುದು ಧರ್ಮಶ್ರದ್ಧೆಯಲ್ಲ. ಮಾಡಬೇಕಾದ ಪುರುಷಾರ್ಥವನ್ನು ಬಿಟ್ಟಂತೆ.

ಪೂಜ್ಯಪಾದಾಚಾರ್ಯರು ‘ಸಮಾಧಿತಂತ್ರ’ದಲ್ಲಿ ಮನಸ್ಸನ್ನು ಜಲಕ್ಕೂ ರಾಗದ್ವೇಷಗಳನ್ನು ಅಲೆಗಳಿಗೂ ಹೋಲಿಸಿದ್ದಾರೆ. ಅಲೆ ಇಲ್ಲದ ನೀರಿನಲ್ಲಿ ತಳ ಕಾಣುವಂತೆ ಅಲುಗದ ಮನಸ್ಸಿನಲ್ಲಿ ಆತ್ಮತತ್ತ್ವವು ಕಾಣುತ್ತದೆ. ಮಂದವಾದ ಉಸಿರು ಗಾಳಿಯನ್ನು ತಗ್ಗಿಸುತ್ತದೆ. ಅಲೆಯ ಬೇರನ್ನು ಕೀಳುವುದು ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳ ಕೆಲಸ. ಎರಡನ್ನೂ ಅವುಗಳ ಸ್ಥಾನದಲ್ಲಿಟ್ಟು ನಡೆಯುವುದೇ ವಿವೇಕ. ಹೊಸದಾಗಿ ಪ್ರತಿಷ್ಠಿತವಾದ ಈ ಬಿಂಬದ ಮುಂದೆ ಪ್ರತಿಯೊಬ್ಬ ಶ್ರಾವಕನೂ ಶ್ರಾವಿಕೆಯೂ ದಿನಕ್ಕೊಮ್ಮೆ ಪೂರ್ಣವಾದ 27 ಉಸಿರುಗಳಷ್ಟು ಕಾಲ ನಿಲ್ಲುವ ನಿಯಮವನ್ನು ಕೈಗೊಂಡರೆ, ಶಿಲ್ಪಿಯ ಶ್ರಮವೂ ದಾನಿಗಳ ದ್ರವ್ಯವೂ ಸಾರ್ಥಕವಾಗುತ್ತವೆ.

ಸರ್ವಜೀವಿಗಳಿಗೂ ಮಂಗಳವಾಗಲಿ.